ಕ್ಷೌರದಂಗಡಿಯ ಸೊಪ್ಪಿನ ಹಾಳೆಗಳು

ನನ್ನ ಸೋದರಮಾವನಿಗೆ ಮೂವತ್ತೆಂಟು ವರ್ಷ ಆಗುವ ತನಕ ಸೊಪ್ಪು ಅಂದರೆ ಅಡುಗೆಗೆ ಹಾಕುವುದು, ಕಳೆ ಅಂದರೆ ಕಿತ್ತು ಬಿಸಾಡುವುದು, ಅಷ್ಟೇ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವನದು ಎರಡು ಕುರ್ಚಿಯ ಕ್ಷೌರದಂಗಡಿ. ಒಂದು ಕುರ್ಚಿಯಲ್ಲಿ ಗಿರಾಕಿ ಕೂರುತ್ತಿದ್ದ. ಇನ್ನೊಂದರ ಬೆನ್ನು ಮುರಿದಿದ್ದರಿಂದ ಅದರಲ್ಲಿ ಹಳೇ ಪತ್ರಿಕೆಗಳು ಕೂರುತ್ತಿದ್ದವು. ಗೋಡೆಯ ಉದ್ದಕ್ಕೂ ಕನ್ನಡಿ, ಅದರ ಮೇಲೆ ಐದು ನಿಮಿಷ ಮುಂದೆ ಓಡುವ ಗಡಿಯಾರ, ಮೂಲೆಯಲ್ಲಿ ನೀರಿನ ಡ್ರಮ್ಮು, ಹೊಸ್ತಿಲಿನಾಚೆ ಕಲ್ಲುಚಪ್ಪಡಿ ಮುಚ್ಚಿದ ಚರಂಡಿ. ಆ ಚಪ್ಪಡಿಗಳ ಸಂದಿಯಲ್ಲಿ ಏನೇನೋ ಬೆಳೆಯುತ್ತಿತ್ತು. ಅಂಗಡಿ ಮುಂದೆ ಗಲೀಜು ಕಾಣಬಾರದು ಅಂತ ಮಾವ ವಾರಕ್ಕೊಮ್ಮೆ ಎಲ್ಲವನ್ನೂ ಬೇರು ಸಮೇತ ಕೀಳುತ್ತಿದ್ದ.

ಒಂದು ದಿನ ಬೆಳಿಗ್ಗೆ ಗಾರೆ ಮೇಸ್ತ್ರಿಯೊಬ್ಬ ಗಡ್ಡ ತೆಗೆಸಿಕೊಳ್ಳಲು ಕೂತಿದ್ದ. ಕತ್ತಿ ಗದ್ದದ ತಿರುವಿಗೆ ಬಂದಾಗ ಅವನಿಗೆ ಸೀನು ಬಂತು. ಸೀನು ಯಾರ ಅಪ್ಪಣೆ ಕೇಳುತ್ತದೆ? ಗದ್ದದ ಕೆಳಗೆ ಸರಕ್ಕನೆ ಗಾಯವಾಯಿತು. ಮಾವ ಪಟಿಕದ ಕಲ್ಲಿಗೆ ಕೈ ಹಾಕಿದರೆ ಡಬ್ಬಿಯಲ್ಲಿ ಅದರ ಪುಡಿಯೂ ಇರಲಿಲ್ಲ. ಸವೆದು ಸವೆದು ಉಗುರಿನಷ್ಟಾಗಿದ್ದ ಕಲ್ಲು ಹಿಂದಿನ ದಿನವೇ ಕೈಜಾರಿ ನೀರಿನ ಡ್ರಮ್ಮಿನಲ್ಲಿ ಕರಗಿಹೋಗಿತ್ತು. ಟವೆಲ್ ಒತ್ತಿ ಹಿಡಿದ. ಟವೆಲ್ ಕೆಂಪಾಯಿತೇ ಹೊರತು ರಕ್ತ ನಿಲ್ಲಲಿಲ್ಲ.

"ಅಣ್ಣ, ಆ ಟವೆಲ್ ಬಿಡು," ಅಂದ ಮೇಸ್ತ್ರಿ, ತಲೆ ಅಲ್ಲಾಡಿಸದೆ. "ನಿನ್ನ ಚರಂಡಿ ಮೇಲೆ ನೋಡು, ಉದ್ದ ಕಡ್ಡಿ ಮೇಲೆ ಒಂಟಿ ಹೂ ನಿಂತಿರುತ್ತಲ್ಲ, ನಡುವೆ ಹಳದಿ, ಸುತ್ತ ಮಾಸಲು ಬಿಳಿ? ಅದರ ನಾಲ್ಕು ಎಲೆ ತಂದು ಅಂಗೈಯಲ್ಲಿ ಉಜ್ಜಿ ರಸ ಹಿಂಡು."

"ಅದು ಕಳೆ ಅಲ್ವಾ?"

"ಕಳೆನೋ ಬೆಳೆನೋ, ನೀನು ತಾ. ಕೆಲಸದ ಜಾಗದಲ್ಲಿ ಕೈ ಕೊಯ್ದುಕೊಂಡರೆ ನಮಗೆಲ್ಲ ಅದೇ ಡಾಕ್ಟ್ರು."

ಮಾವ ಎಲೆ ತಂದು, ತೊಳೆದು, ಉಜ್ಜಿ ಹಿಂಡಿದ. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು. ಮೇಸ್ತ್ರಿ ಕನ್ನಡಿಯಲ್ಲಿ ಗದ್ದ ನೋಡಿಕೊಂಡು ಏನೂ ಆಗದವನ ಹಾಗೆ ಎದ್ದು ಹೋದ. ಮಾವನಿಗೆ ಮಾತ್ರ ಆ ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹದಿನೈದು ವರ್ಷದಿಂದ ವಾರವಾರ ಆ ಗಿಡವನ್ನು ಹಿಡಿಹಿಡಿಯಾಗಿ ಕಿತ್ತು ಎಸೆದಿದ್ದೇನೆ, ಒಂದು ಸಲವೂ ಇದೇನು ಅಂತ ನೋಡಲಿಲ್ಲವಲ್ಲ ಅಂತ ಅವನಿಗೆ ಒಂಥರಾ ನಾಚಿಕೆಯಾಯಿತಂತೆ. ಅದರ ಜೊತೆಗೇ ಇನ್ನೊಂದು ಹುಳ ತಲೆಗೆ ಹೊಕ್ಕಿತು. ಇದು ಹೀಗಾದರೆ, ಪಕ್ಕದ ಸಂದಿಯಲ್ಲಿರುವುದು ಏನು? ಅದರ ಪಕ್ಕದ್ದು?

ಕೇಳುವುದಕ್ಕೆ ಕ್ಷೌರದಂಗಡಿಗಿಂತ ಒಳ್ಳೆ ಜಾಗ ಎಲ್ಲಿದೆ? ಗಿರಾಕಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿರುತ್ತಾನೆ, ಎದ್ದು ಹೋಗುವ ಹಾಗಿಲ್ಲ, ಕೈಯಲ್ಲಿ ಕತ್ತಿ ಹಿಡಿದವನು ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಹೋದ ತಿಂಗಳ ಕ್ಯಾಲೆಂಡರ್ ಹಾಳೆಯ ಬೆನ್ನಿನ ಮೇಲೆ ಮಾವ ಬರೆಯಲು ಶುರು ಮಾಡಿದ. ಬಸ್ ಕಂಡಕ್ಟರ್ ಉತ್ತರಣಿ ಕಡ್ಡಿಯಿಂದ ಹಲ್ಲುಜ್ಜಿದರೆ ವಸಡು ಗಟ್ಟಿ ಅಂದ. ಶಾಲೆಯ ಮೇಷ್ಟ್ರು ಹುಳಿಸೊಪ್ಪು, ಅದೇ ಮೂರು ಹೃದಯ ಅಂಟಿಸಿದ ಹಾಗಿನ ಎಲೆಯ ಪುಟ್ಟ ಬಳ್ಳಿ, ಹಿತ್ತಾಳೆ ಬೆಳಗುತ್ತದೆ ಅಂದರು. ಬೀಗ ರಿಪೇರಿಯವನು ಗರಗದ ಸೊಪ್ಪಿನ ಎಣ್ಣೆ ಹಚ್ಚಿದರೆ ನರೆ ಬರುವುದೇ ಇಲ್ಲ ಅಂದ. ಅವನ ತಲೆಯಲ್ಲಿ ಕೂದಲೇ ಇರಲಿಲ್ಲ, ಆದ್ದರಿಂದ ಅವನ ಮಾತನ್ನು ಸುಳ್ಳು ಅನ್ನಲೂ ಆಗಲಿಲ್ಲ.

ಮಾವನ ಒಂದು ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ.

"ನೀವು ಕಣ್ಣಾರೆ ನೋಡಿದ್ದಾ, ಕೇಳಿದ್ದಾ?"

"ನಮ್ಮ ತಾತ ಹೇಳ್ತಿದ್ರು."

"ತಾತ ನೋಡಿದ್ರಾ?"

"ಅವರಿಗೆ ಅವರ ತಾತ..."

"ಹಾಗಾದ್ರೆ ಕಿವಿ," ಅಂದು ಮಾವ ಆ ಸಾಲಿನ ಮುಂದೆ ಒಂದು ಪುಟ್ಟ ಕಿವಿ ಬರೆಯುತ್ತಿದ್ದ. ನೋಡಿದ್ದಕ್ಕೆ ಕಣ್ಣು, ಕೇಳಿದ್ದಕ್ಕೆ ಕಿವಿ. ಕಣ್ಣು ಅವನ ಕೈಲಿ ಮೀನಿನ ಹಾಗೆ ಬರುತ್ತಿತ್ತು. ಕಿವಿ ಮಾತ್ರ ಅಚ್ಚುಕಟ್ಟು. ಜೀವಮಾನವೆಲ್ಲ ಕಿವಿಯ ಸುತ್ತ ಕತ್ತರಿ ಆಡಿಸಿದವನಲ್ಲವೇ? ವರ್ಷದೊಳಗೆ ಹನ್ನೊಂದು ಹಾಳೆ ತುಂಬಿದವು. ಅವುಗಳಲ್ಲಿ ಕಣ್ಣು ಏಳೋ ಎಂಟೋ, ಮಿಕ್ಕಿದ್ದೆಲ್ಲ ಕಿವಿ.

ಈ ಕಿವಿಗಳನ್ನು ಕಣ್ಣು ಮಾಡುವುದು ಹೇಗೆ ಎಂಬುದೇ ಅವನ ಯೋಚನೆಯಾಯಿತು. ಮೊದಲು ಗರಗದ ಸೊಪ್ಪು. ಅದು ಚರಂಡಿ ನೀರು ಜಿನುಗುವಲ್ಲೆಲ್ಲ ಬೆಳೆದಿತ್ತು. ಎಣ್ಣೆಯಲ್ಲಿ ಕಾಯಿಸಿ ಶೀಶೆಗೆ ತುಂಬಿ, ತನ್ನ ಮೀಸೆಯ ಎಡ ಅರ್ಧಕ್ಕೆ ಮಾತ್ರ ದಿನವೂ ಹಚ್ಚಿದ. ಬಲ ಅರ್ಧಕ್ಕೆ ಬರೀ ಎಣ್ಣೆ. ಮೂರು ತಿಂಗಳು ಮೀಸೆಯ ಒಂದು ಪಕ್ಕದ ಕೆಳಗೆ ಚರ್ಮ ಕಪ್ಪು ಹಸಿರಾಗಿ, ಅವನು ಯಾವುದೋ ಗೋಡೆಗೆ ಒರಗಿ ಬಂದವನ ಹಾಗೆ ಕಾಣುತ್ತಿದ್ದ. ನೆಂಟರ ಮನೆಗೆ ಹೋಗಬೇಕಾದಾಗ ಅತ್ತೆ ಅವನ ಬಲಗಡೆಗೇ ನಿಲ್ಲುತ್ತಿದ್ದಳು. ಕೊನೆಗೆ ಲೆಕ್ಕ ಹಾಕುವ ದಿನ ಭೂತಗನ್ನಡಿ ಅವಳ ಕೈಗೇ ಬಂತು.

"ಎಡಗಡೆ ಹನ್ನೊಂದು ಬಿಳೀದು," ಅಂದಳು.

"ಬಲಗಡೆ?"

"ಒಂಬತ್ತು."

"ಸರಿಯಾಗಿ ನೋಡೇ."

"ರೀ, ನಾನು ನೋಡಿದ್ರೆ ಜಾಸ್ತಿ ಆಗಲ್ಲ, ಕಮ್ಮಿನೂ ಆಗಲ್ಲ. ಹೋಗಿ ಮುಖ ತೊಳೀರಿ."

ಹುಳಿಸೊಪ್ಪು ಮಾತ್ರ ಅವನ ಮರ್ಯಾದೆ ಉಳಿಸಿತು. ಅಂಗಡಿಯ ಹಿತ್ತಾಳೆ ಬಟ್ಟಲಿಗೆ ಉಜ್ಜಿದರೆ ಹತ್ತು ವರ್ಷದ ಕಿಲುಬು ಹೋಗಿ ಹೊಸದರ ಹಾಗೆ ಮಿಂಚಿತು. ದೊಡ್ಡದೊಂದು ಕಣ್ಣು ಬಿತ್ತು. ಗಾಯದ ಸೊಪ್ಪಿಗೆ, ಮೇಸ್ತ್ರಿ ತೋರಿಸಿದ ಗಿಡಕ್ಕೆ ಮಾವ ಇಟ್ಟ ಹೆಸರು ಅದೇ, ಪರೀಕ್ಷೆ ಸ್ವಲ್ಪ ಹುಚ್ಚುತನದ್ದು. ಮೊಣಕೈ ಕೆಳಗೆ ಬ್ಲೇಡಿನಿಂದ ಮೂರು ಕಡೆ ಸಣ್ಣಗೆ ಗೀರಿಕೊಂಡು, ಒಂದಕ್ಕೆ ಪಟಿಕ, ಒಂದಕ್ಕೆ ಸೊಪ್ಪು, ಒಂದಕ್ಕೆ ಸುಮ್ಮನೆ ಒಗೆದ ಬಟ್ಟೆ ಒತ್ತಿ ಗಡಿಯಾರ ನೋಡಿದ. ಪಟಿಕ ಮೊದಲು, ಸೊಪ್ಪು ಆಮೇಲೆ, ಬಟ್ಟೆ ಅದರ ಹಿಂದೆಯೇ. "ಬಟ್ಟೆಯನ್ನು ಆತುರಪಟ್ಟು ಎತ್ತಿ ನೋಡದಿದ್ದರೆ ಸೊಪ್ಪಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ" ಅಂತ ಬರೆದದ್ದು ಈಗಲೂ ಆ ಹಾಳೆಯಲ್ಲಿದೆ. ಅವನಿಗೆ ಇಷ್ಟವಾದ ಗಿಡ ಅದು. ಆದರೂ ಕಂಡದ್ದನ್ನು ಕಂಡ ಹಾಗೆ ಬರೆದ.

ಎದುರಿನ ಅಂಗಡಿಯ ದರ್ಜಿ ಅವನ ಚಿಕ್ಕಂದಿನ ಗೆಳೆಯ. ಬಿಡುವಿದ್ದಾಗಲೆಲ್ಲ ಬಂದು ಮುರಿದ ಕುರ್ಚಿಯ ಪತ್ರಿಕೆಗಳನ್ನು ಸರಿಸಿ ಕೂರುತ್ತಿದ್ದ. ಅವನ ಎಡಗೈ ಮೇಲೆ ಎರಡು ನರುಳ್ಳೆ ಇದ್ದವು. ಕಿತ್ತರೆ ಹಾಲು ಬರುವ, ನೆಲಕ್ಕೆ ಅಂಟಿಕೊಂಡು ಬೆಳೆಯುವ ಒಂದು ಗಿಡದ ಹಾಲು ಹಚ್ಚಿದರೆ ನರುಳ್ಳೆ ಉದುರುತ್ತದೆ ಅಂತ ಹಾಳೆಯಲ್ಲಿತ್ತು. ಮಾವ ಒಂದಕ್ಕೆ ಮಾತ್ರ ಹಚ್ಚಿದ, ಒಂದನ್ನು ಹಾಗೇ ಬಿಟ್ಟ. ಎರಡು ತಿಂಗಳಲ್ಲಿ ಹಚ್ಚಿದ್ದು ಹೋಯಿತು. ಮಾವ ಹಿಗ್ಗಿಹೋದ. ಹದಿನೈದು ದಿನ ಕಳೆದು ಹಚ್ಚದೇ ಬಿಟ್ಟದ್ದೂ ಹೋಯಿತು.

"ಇದು ಯಾಕಯ್ಯಾ ಹೋಯ್ತು?" ಮಾವ ಗೆಳೆಯನ ಕೈ ಹಿಡಿದು ತಿರುಗಿಸಿ ಮುರುಗಿಸಿ ನೋಡಿದ.

"ಜೊತೆಗಾರ ಹೋದ ಬೇಜಾರಿಗೆ," ಅಂದ ದರ್ಜಿ.

ಅದಕ್ಕೆ ಯಾವ ಗುರುತು ಹಾಕಬೇಕು ಅಂತ ಮಾವನಿಗೆ ತಿಳಿಯಲಿಲ್ಲ. ಆ ಸಾಲಿನ ಮುಂದೆ ಜಾಗ ಖಾಲಿ ಬಿಟ್ಟ.

ಇಷ್ಟರವರೆಗೆ ಎಲ್ಲ ತಮಾಷೆಯಾಗಿಯೇ ಇತ್ತು. ಆಗ ಹಾಳೆಗಳನ್ನೆಲ್ಲ ಒಂದು ಮೊಳೆಗೆ ಚುಚ್ಚಿ ಅಂಗಡಿ ಗೋಡೆಗೆ ನೇತುಹಾಕಿದ್ದ. ಸರದಿಗೆ ಕಾಯುವವರು ಓದುತ್ತಿದ್ದರು, ಕೆಲವರು ಬರೆದುಕೊಂಡೂ ಹೋಗುತ್ತಿದ್ದರು. ಒಂದು ಬೆಳಿಗ್ಗೆ ದರ್ಜಿಯ ಹಿಮ್ಮಡಿಗೆ ಮುಳ್ಳು ಮುರಿಯಿತು. ಹಾಳೆಯಲ್ಲಿ "ಎಕ್ಕದ ಹಾಲು ಬಿಟ್ಟರೆ ಮುಳ್ಳು ತಾನಾಗಿ ಮೇಲೆ ಬರುತ್ತದೆ" ಅಂತ ಅವನು ಓದಿದ್ದ. ಪಕ್ಕದಲ್ಲಿ ಕಿವಿಯ ಗುರುತೂ ಇತ್ತು. ಆದರೆ ಕಾಲು ನೋಯುವಾಗ ಗುರುತು ಯಾರು ನೋಡುತ್ತಾರೆ? ಖಾಲಿ ನಿವೇಶನದಲ್ಲಿ ಆಳೆತ್ತರ ಬೆಳೆದಿದ್ದ ಎಕ್ಕದ ರೆಂಬೆಯನ್ನು ಲಟಕ್ಕನೆ ಮುರಿದ. ಹಾಲು ಚಿಮ್ಮಿ ಬಲಗಣ್ಣಿಗೆ ಬಿತ್ತು.

ಉರಿದಿದ್ದರೆ ಓಡಿ ಹೋಗಿ ತೊಳೆದುಕೊಳ್ಳುತ್ತಿದ್ದನೋ ಏನೋ. ಅಂಥ ಉರಿಯೇನೂ ಆಗಲಿಲ್ಲ, ಅದೇ ಮೋಸ. ಅಂಗಿಯ ತೋಳಲ್ಲಿ ಕಣ್ಣು ಒರೆಸಿಕೊಂಡು, ಹಿಮ್ಮಡಿಗೂ ಹಾಲು ಹಚ್ಚಿಕೊಂಡು ಬಂದು ಹೊಲಿಗೆಗೆ ಕೂತ. ಮಧ್ಯಾಹ್ನದ ಹೊತ್ತಿಗೆ ಸೂಜಿಗೆ ದಾರ ಹೋಗಲಿಲ್ಲ. ಸೂಜಿಯೇ ಕಾಣಲಿಲ್ಲ. ರಸ್ತೆ ದಾಟಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತು, "ಏನಯ್ಯಾ, ನಿನ್ನ ಅಂಗಡಿಯೊಳಗೆ ಹೊಗೆ ತುಂಬಿದೆಯಾ?" ಅಂತ ಕೇಳಿದನಂತೆ. ಹೊಗೆ ಎಲ್ಲೂ ಇರಲಿಲ್ಲ.

ಮಾವ ಅರ್ಧ ಕ್ಷೌರದ ಗಿರಾಕಿಯನ್ನು ಹಾಗೇ ಬಿಟ್ಟು, ಡ್ರಮ್ಮಿನ ನೀರನ್ನು ತಂಬಿಗೆಗಟ್ಟಲೆ ಅವನ ಕಣ್ಣಿಗೆ ಸುರಿದು, ಸಿಕ್ಕ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಣ್ಣಿನ ಡಾಕ್ಟರು ಒಬ್ಬ ಹೆಂಗಸು, ಮಾತು ಕಮ್ಮಿ. ದೀಪ ಬಿಟ್ಟು ನೋಡಿ, ಔಷಧಿ ಹಾಕಿ, ಪಟ್ಟಿ ಕಟ್ಟಿದ ಮೇಲೆ ಕೇಳಿದರು:

"ಎಕ್ಕದ ಹಾಲಿನ ವಿಷಯ ಇವರಿಗೆ ಯಾರು ಹೇಳಿದ್ದು?"

ದರ್ಜಿ ಬಾಯಿ ತೆರೆಯುವ ಮೊದಲೇ ಮಾವ, "ನಾನೇ ಬರೆದು ನೇತುಹಾಕಿದ್ದು ಮೇಡಂ," ಅಂದ.

"ಇನ್ನೂ ಏನೇನು ಬರೆದಿದೀರಿ? ನಾಳಿದ್ದು ಇವರನ್ನ ಕರ್ಕೊಂಡು ಬರುವಾಗ ತನ್ನಿ."

ಬೈಯುವುದಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡೇ ಮಾವ ಹನ್ನೊಂದು ಹಾಳೆಯನ್ನೂ ಸುರುಳಿ ಸುತ್ತಿಕೊಂಡು ಹೋದ. ಅವರು ಊಟದ ಡಬ್ಬಿ ಬಿಚ್ಚಿಟ್ಟುಕೊಂಡು, ಒಂದೊಂದೇ ಹಾಳೆ ತಿರುವುತ್ತಾ, ನಡುನಡುವೆ ತುತ್ತು ಮರೆತು, ಎಲ್ಲ ಓದಿದರು. ಮೀಸೆಯ ಕಥೆಗೆ ಬಂದಾಗ ತಲೆ ಎತ್ತಿ ಅವನ ಮೀಸೆಯ ಎರಡೂ ಪಕ್ಕ ನೋಡಿದರಂತೆ.

"ಕಣ್ಣು ಕಿವಿ ಬೇರೆ ಮಾಡಿದೀರಲ್ಲ, ಅದು ಒಳ್ಳೇದು," ಅಂದರು. "ಆದರೆ ಇಷ್ಟುದ್ದ ಬರೆದಿದೀರಿ, ಯಾವ ಗಿಡ ಏನು ಕೆಡಿಸುತ್ತೆ ಅಂತ ಒಂದೇ ಒಂದು ಸಾಲು ಇಲ್ಲ. ಯಾಕೆ?"

ಅದನ್ನು ಮಾವ ಯಾರನ್ನೂ ಕೇಳಿಯೇ ಇರಲಿಲ್ಲ.

ಹಾಳೆಗಳನ್ನು ಮನೆಗೆ ತಂದು ಮಂಚದ ಕೆಳಗೆ ತಳ್ಳಿದ. ಅಂಗಡಿಯಲ್ಲಿ ಯಾರಾದರೂ ಗಿಡದ ಮಾತೆತ್ತಿದರೆ "ತಲೆ ಬಗ್ಗಿಸಿ" ಅನ್ನುತ್ತಿದ್ದ, ಅಷ್ಟೇ. ದಿನವೂ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಎದುರಿಗೆ ಹೋಗಿ, ಇಪ್ಪತ್ತು ಸೂಜಿಗಳಿಗೆ ಬೇರೆ ಬೇರೆ ಬಣ್ಣದ ದಾರ ಪೋಣಿಸಿ, ಸ್ಪಂಜಿನ ತುಂಡಿಗೆ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದ. ದರ್ಜಿ ಒಂದೇ ಕಣ್ಣಿನಲ್ಲಿ ಗುಂಡಿ ಹಾಕುವುದು, ಅಂಚು ಮಡಿಸುವುದು ಇಂಥ ಸಣ್ಣ ಕೆಲಸ ಮಾಡುತ್ತಿದ್ದ.

"ನೀನೇನು ನನ್ನ ಕಣ್ಣಿಗೆ ಹಾಲು ಹಿಂಡಿದೆಯಾ? ಮುರಿದಿದ್ದು ನಾನು," ಅಂತ ದರ್ಜಿ ಒಂದು ದಿನ ರೇಗಿದ.

"ಬರೆದಿದ್ದು ನಾನು," ಅಂದ ಮಾವ. ಕೆಂಪು ದಾರ ಸೂಜಿಗೆ ಹೋಗದೆ ಸತಾಯಿಸುತ್ತಿತ್ತು. ಅದರ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡ.

ಆ ದಿನಗಳಲ್ಲೇ ಒಂದು ಸಂಜೆ, ಊಟಕ್ಕೆ ಮುಂಚೆ, ಅತ್ತೆ ಪಾತ್ರೆ ಒರೆಸುತ್ತಾ ತಾನಾಗಿ ಹೇಳಿದಳು, "ಎಕ್ಕದ ಹಾಲು ಕಣ್ಣಿಗೆ ಬಿದ್ರೆ ಕಣ್ಣು ಮಂಜಾಗುತ್ತೆ ಅಂತ ನನಗೆ ಗೊತ್ತಿತ್ತು. ನಮ್ಮ ದೊಡ್ಡಕ್ಕನ ಮಗಳಿಗೆ ಹಾಗೇ ಆಗಿತ್ತು."

ಮಾವ ಕೂತಲ್ಲಿಂದ ಎದ್ದೇಬಿಟ್ಟ. "ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ? ಮೀಸೆ ಇರೋರನ್ನೆಲ್ಲ ಕೂರಿಸಿ ಕೂರಿಸಿ ಕೇಳಿದ್ರಿ. ಮನೇಲಿ ಒಬ್ಬಳು ಇದ್ದಾಳೆ ಅಂತ ನೆನಪಾಯ್ತಾ?" ಅವಳಿಗೆ ಆ ಕೋಪ ಎಷ್ಟು ದಿನದ್ದೋ. "ಹುಳಿಸೊಪ್ಪಲ್ಲಿ ಬಟ್ಟಲು ಉಜ್ಜಿ ಏನೋ ಕಂಡುಹಿಡಿದೋರ ಹಾಗೆ ಕುಣಿದ್ರಲ್ಲ, ಈ ಅಡುಗೆಮನೆ ಹಿತ್ತಾಳೆ ಪಾತ್ರೆಗಳೆಲ್ಲ ಇಷ್ಟು ವರ್ಷ ಯಾತರಲ್ಲಿ ಬೆಳಗ್ತಿದ್ವು ಅಂದ್ಕೊಂಡ್ರಿ?"

ಮಾವ ಗೋಡೆಗೆ ಸಾಲಾಗಿ ಒರಗಿಸಿದ್ದ ಹಿತ್ತಾಳೆ ಪಾತ್ರೆಗಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಆಮೇಲೆ ಮಂಚದ ಕೆಳಗೆ ಬಗ್ಗಿ ಸುರುಳಿ ಎಳೆದು, ಧೂಳು ಕೊಡವಿ, ಅವಳ ಮುಂದೆ ಇಟ್ಟ. "ಬೇರೆ ಯಾವುದು ಕೆಡುಕು? ಹೇಳು, ಬರ್ಕೋತೀನಿ."

"ಬರೆಯೋಕೆ ನನಗೂ ಬರುತ್ತೆ," ಅಂತ ಅವಳು ಪೆನ್ನು ಕಿತ್ತುಕೊಂಡಳು.

ಅಲ್ಲಿಂದ ಆ ಕೆಲಸ ಇಬ್ಬರದಾಯಿತು. ಕ್ಷೌರದಂಗಡಿಗೆ ಹೆಂಗಸರು ಬರುವುದಿಲ್ಲ; ಅರ್ಧ ಊರು ಹಾಳೆಯಿಂದ ಹೊರಗೇ ಉಳಿದಿತ್ತು. ಅತ್ತೆ ನಲ್ಲಿಯ ಹತ್ತಿರ, ಆಸ್ಪತ್ರೆಯ ಸಾಲಿನಲ್ಲಿ, ಇಸ್ತ್ರಿ ಮಾಡುವ ಹೆಂಗಸಿನ ಬಂಡಿಯ ಬಳಿ, ಹೆರಿಗೆ ಮಾಡಿಸಿ ಮಾಡಿಸಿ ಬೆನ್ನು ಬಾಗಿದ್ದ ಸೂಲಗಿತ್ತಿಯ ಜಗಲಿಯ ಮೇಲೆ ಕೇಳಿದಳು. ಗಂಡಸರು "ಇದಕ್ಕೆ ಒಳ್ಳೇದು, ಅದಕ್ಕೆ ಒಳ್ಳೇದು" ಅಂತಲೇ ಹೇಳಿದ್ದರೆ, ಹೆಂಗಸರು ಮಾತು ಶುರು ಮಾಡುತ್ತಿದ್ದುದೇ "ಅದನ್ನ ಮಾತ್ರ ಮಕ್ಕಳ ಕೈಗೆ ಕೊಡಬೇಡಿ" ಅಂತ. ಉಮ್ಮತ್ತಿಯ ಬೀಜ ತಿಂದು ಎರಡು ದಿನ ಏನೇನೋ ಬಡಬಡಿಸಿದ ಮಗು, ಬಸುರಿಯರು ಬಾಯಿಗೆ ಹಾಕಬಾರದ ಬೇರುಗಳು, ಗುಲಗಂಜಿಯ ಕೆಂಪು ನೋಡಿ ಮೋಸಹೋಗಿ ಜಗಿದವಳು. ಇವಕ್ಕೆಲ್ಲ ಒಂದು ಹೊಸ ಗುರುತು ಬೇಕಾಯಿತು. ಕ್ಷೌರದ ಕತ್ತಿ ಇರಲಿ ಅಂದ ಮಾವ. ಅತ್ತೆ ಬರೆದ ಕತ್ತಿ ಬಾಚಣಿಗೆಯ ಹಾಗಿರುತ್ತಿತ್ತು. ಆದರೂ ಅರ್ಥವಾಗುತ್ತಿತ್ತು.

ಸೂಲಗಿತ್ತಿ ಮೊದಲಿಗೆ ಬಾಯಿ ಬಿಡಲಿಲ್ಲವಂತೆ. "ಬರೆದು ಗೋಡೆಗೆ ಹಾಕಿದ್ರೆ ನನ್ನ ಹತ್ರ ಯಾರು ಬರ್ತಾರೆ?" ಅಂದಳಂತೆ. ಅತ್ತೆ ಒತ್ತಾಯ ಮಾಡಲಿಲ್ಲ. ನಾಲ್ಕನೇ ಸಲ ಹೋದಾಗ ಆಕೆ ತಾನಾಗಿ, "ಒಳ್ಳೇದು ನನ್ನ ಹತ್ರ ಇರಲಿ, ಕೆಟ್ಟದ್ದು ಬರ್ಕೋ," ಅಂದು ಒಂದೇ ಉಸಿರಿಗೆ ಒಂಬತ್ತು ಗಿಡ ಹೇಳಿದಳು.

ದರ್ಜಿಯ ಕಣ್ಣು ಆರು ವಾರಕ್ಕೆ ತಿಳಿಯಾಯಿತು. ಪಟ್ಟಿ ಬಿಚ್ಚಿದ ದಿನ ಅವನು ಮಾಡಿದ ಮೊದಲ ಕೆಲಸ, ಮಾವ ಆ ಬೆಳಿಗ್ಗೆ ಪೋಣಿಸಿಟ್ಟಿದ್ದ ಸೂಜಿಗಳ ದಾರವನ್ನೆಲ್ಲ ಎಳೆದು ಹಾಕಿ ತಾನೇ ಮತ್ತೆ ಪೋಣಿಸಿದ್ದು. ಮಾವ ರಸ್ತೆಯ ಈ ಕಡೆಯಿಂದ ನೋಡುತ್ತಾ ನಿಂತಿದ್ದ. ಹದಿಮೂರನೆಯ ಸೂಜಿಯ ಹೊತ್ತಿಗೆ ಅವನಿಗೆ ನೋಡಲಾಗದೆ ಒಳಗೆ ಹೋಗಿ ಮುಖ ತೊಳೆದುಕೊಂಡನಂತೆ.

ಕತ್ತಿ ಗುರುತಿನ ಸಾಲುಗಳನ್ನು ಅತ್ತೆ ಒಂದೇ ಹಾಳೆಗೆ ದಪ್ಪ ಅಕ್ಷರದಲ್ಲಿ ಇಳಿಸಿದಳು. ಪ್ರತಿ ಗಿಡದ ಒಂದು ಒಣಗಿದ ಎಲೆಯನ್ನೂ ಅಂಟಿಸಿದಳು. ಕಣ್ಣಿನ ಡಾಕ್ಟರು ಅದನ್ನು ತಮ್ಮ ಜೊತೆಯವರಿಗೆಲ್ಲ ತೋರಿಸಿ, ಎರಡು ಕಡೆ ತಿದ್ದಿಸಿ, ಜೆರಾಕ್ಸ್ ಮಾಡಿಸಿ, ಹೊರರೋಗಿಗಳು ಕಾಯುವ ಬೆಂಚಿನ ಎದುರಿಗೆ ಹಾಕಿಸಿದರು. ಮೇಷ್ಟ್ರು ಶಾಲೆಗೊಂದು ಒಯ್ದರು. ಮಾವ ಅಷ್ಟೆಲ್ಲ ಕೇಳಿ ಕೇಳಿ ಬರೆದ ಗುಣಗಳ ಹಾಳೆಗಳು ಅಂಗಡಿಯ ಗೋಡೆ ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಊರೆಲ್ಲ ಸುತ್ತಿದ್ದು ಅತ್ತೆಯ ಒಂದು ಹಾಳೆ. ಇದನ್ನು ಮಾವ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ, ಹೊಟ್ಟೆಕಿಚ್ಚಿನಿಂದಲ್ಲ, ಹೆಮ್ಮೆಯಿಂದ.

ಅವನಿಗೆ ಐವತ್ತಾದಾಗ ಕಾಮಾಲೆ ಬಂತು. ಕಣ್ಣು, ಉಗುರು ಎಲ್ಲ ಹಳದಿ. ನೋಡಲು ಬಂದವರೆಲ್ಲ ನೆಲನೆಲ್ಲಿ ಅರೆದು ಕುಡಿಸಿ ಅಂದರು. ಹಾಳೆಯಲ್ಲೂ ಆ ಸಾಲಿನ ಮುಂದೆ ಇಪ್ಪತ್ತಕ್ಕೆ ಕಮ್ಮಿ ಇಲ್ಲದಷ್ಟು ಕಿವಿಗಳಿದ್ದವು. ಮಾವನಿಗೆ ಮಲಗಿದಲ್ಲೇ ಕುತೂಹಲ ಕೆರಳಿತು. "ಆಸ್ಪತ್ರೆಗೆ ಹೋಗದೆ ಇದೊಂದನ್ನೇ ಕುಡಿದು ನೋಡ್ಲಾ? ಇಷ್ಟು ಜನ ಹೇಳ್ತಾರೆ. ಕಣ್ಣು ಹಾಕೋ ಅವಕಾಶ ಇನ್ಯಾವಾಗ ಸಿಗುತ್ತೆ?"

"ಪರೀಕ್ಷೆ ಮಾಡೋಕೆ ನಿಮ್ಮ ಮೀಸೆ ಇದೆ. ಲಿವರು ಒಂದೇ ಇರೋದು," ಅಂದಳು ಅತ್ತೆ.

ಆಸ್ಪತ್ರೆಯಲ್ಲಿ ರಕ್ತ ನೋಡಿ, ಇದು ನೀರಿನಿಂದ ಬಂದದ್ದು, ವಿಶ್ರಾಂತಿ ತಗೊಳ್ಳಿ, ಎಣ್ಣೆ ಪದಾರ್ಥ ಬಿಡಿ, ಇಂಥವು ಬಹಳ ಜನಕ್ಕೆ ತಾನಾಗಿ ಇಳಿಯುತ್ತವೆ, ಆದರೂ ವಾರವಾರ ಬಂದು ತೋರಿಸಿ ಅಂದರು. ನೆಲನೆಲ್ಲಿ ಕುಡಿಯಲಿಲ್ಲ. ಐದು ವಾರಕ್ಕೆ ಇಳಿಯಿತು. ಎದ್ದು ಓಡಾಡುವ ಹಾಗಾದ ಮೇಲೆ ಅವನು ಆ ಸಾಲಿನ ಕೆಳಗೆ ಬರೆದ: "ಕುಡಿಯದೆಯೂ ವಾಸಿಯಾಯಿತು. ಕುಡಿದವರಿಗೂ ವಾಸಿಯಾಗುತ್ತದೆ. ಹಾಗಾದರೆ ಗಿಡ ಏನು ಮಾಡುತ್ತದೆ? ಗೊತ್ತಿಲ್ಲ." ನಾನು ಅವನ ಹಾಳೆಗಳಲ್ಲಿ "ಗೊತ್ತಿಲ್ಲ" ಅಂತ ಓದಿದ್ದು ಅದೇ ಮೊದಲು. ಆಮೇಲೆ ಆ ಮಾತು ಮೇಲಿಂದ ಮೇಲೆ ಬರತೊಡಗಿತು. ಬರೆಯುವಾಗ ಅವನಿಗೆ ಬೇಜಾರೇನೂ ಇದ್ದ ಹಾಗಿರಲಿಲ್ಲ.

ಈಗ ಅವನಿಗೆ ಎಪ್ಪತ್ತು ದಾಟಿದೆ. ಕೈ ನಡುಗುತ್ತದೆ ಅಂತ ಕತ್ತಿ ಕೆಳಗಿಟ್ಟು ನಾಲ್ಕು ವರ್ಷವಾಯಿತು. ಹಾಳೆಗಳು ಇನ್ನೂರ ಹನ್ನೆರಡು ಆಗಿವೆ. ಹೋದ ತಿಂಗಳು ನಾನು ಹೋದಾಗ ಮನೆ ಬಾಗಿಲು ಹಾಕಿತ್ತು. ಪಕ್ಕದ ಮನೆಯವರನ್ನು ಕೇಳಿದರೆ, "ಇಬ್ಬರೂ ಪೆಟ್ರೋಲ್ ಬಂಕಿನ ಹಿಂದೆ ಇರ್ತಾರೆ, ಹದಿನೈದು ದಿನದಿಂದ ಅಲ್ಲೇ," ಅಂದರು.

ಹೋಗಿ ನೋಡಿದರೆ ಮಾವ ಒಂದು ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದ. ಅತ್ತೆ ಬಗ್ಗಿ ಒಂದು ಗಿಡದ ಬುಡಕ್ಕೆ ಲೋಟದಲ್ಲಿ ನೀರು ಹಾಕುತ್ತಿದ್ದಳು. ಗೇಣುದ್ದದ ಗಿಡ, ಕಾಂಡದ ಮೇಲೆ ನವಿರು ಕೂದಲು, ಎಲೆಯ ಹಿಂಬದಿ ನೇರಳೆ. ದೂರದಿಂದ ಬರುವ ಲಾರಿಗಳ ಚಕ್ರದಲ್ಲಿ ಬೀಜ ಬಂದಿರಬೇಕು ಅಂತ ಮಾವನ ಅಂದಾಜು.

"ಯಾವ ಗಿಡ ಮಾವ?"

"ಗೊತ್ತಿಲ್ಲ. ಮೇಷ್ಟ್ರಿಗೆ ಗೊತ್ತಿಲ್ಲ, ಡಾಕ್ಟ್ರಮ್ಮಂಗೆ ಗೊತ್ತಿಲ್ಲ. ದರ್ಜಿ ಬಂದು ನೋಡಿ, ದೂರ ನಿಂತ್ಕೊಂಡೇ ನೋಡಿ, ಹೋದ."

"ಇವರು ಮೂಸಿ ನೋಡ್ತೀನಿ ಅಂದ್ರು. ನಾನು ಬಿಡಲಿಲ್ಲ," ಅಂದಳು ಅತ್ತೆ.

"ಮೂಸಿದ್ರೆ ಏನಾಗುತ್ತೆ?" ಅಂದೆ ನಾನು.

"ಅದೂ ಗೊತ್ತಿಲ್ವಲ್ಲ ನಮಗೆ."

ಮಾವ ನಕ್ಕು ಬಕೆಟ್ಟನ್ನು ಸ್ವಲ್ಪ ಸರಿಸಿಕೊಂಡು ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟ. ಗಿಡದ ತುದಿಯಲ್ಲಿ ಒಂದು ಮೊಗ್ಗು, ಅಕ್ಕಿಕಾಳಿನಷ್ಟು, ಇನ್ನೂ ಬಣ್ಣ ಬಿಟ್ಟಿರಲಿಲ್ಲ. ಹಳದಿ ಬರುತ್ತದೆ ಅಂದ ಅವನು. ನೀಲಿ ಅಂದಳು ಅತ್ತೆ. ನಾನೂ ಕೂತೆ.